ಹೈಸ್ಕೂಲ್ ಲೈಬ್ರರಿ ಬೀಗದ ಕೈ ನನ್ನ ಹತ್ರ ಇದೆ, ಪೀರಿಯಡ್ ಇಲ್ಲ. ನಿಮ್ಮ ಶಾಲೆಯಲ್ಲಿ ಹೇಗೆ?

ಕನ್ನಡ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ಲೈಬ್ರರಿ ಚಾರ್ಜ್ ಕೂಡ ನನ್ನದೇ. ಗ್ರಂಥಪಾಲಕರ ಹುದ್ದೆ ನಮ್ಮಲ್ಲಿಲ್ಲ, ಹಿಂದೆಯೂ ಇರಲಿಲ್ಲ. ಐದು ಕಬ್ಬಿಣದ ಬೀರು, ಸುಮಾರು 2,300 ಪುಸ್ತಕ, ಒಂದು ದಾಸ್ತಾನು ಪುಸ್ತಕ, ಒಂದು ಬೀಗದ ಕೈ ಗೊಂಚಲು. ಇಷ್ಟು ನನ್ನ ಲೈಬ್ರರಿ.

ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗ್ರಂಥಾಲಯ ಅವಧಿ ಇದೆ. ಜೂನ್, ಜುಲೈನಲ್ಲಿ ನಡೆಯುತ್ತದೆ. ಗಣೇಶನ ಹಬ್ಬ ಮುಗಿಯುವ ಹೊತ್ತಿಗೆ ಹತ್ತನೇ ತರಗತಿಯವರ ಪೀರಿಯಡ್ ವಿಶೇಷ ತರಗತಿಗೆ ಹೋಗುತ್ತದೆ. ದಸರಾ ರಜೆ ಕಳೆದ ಮೇಲೆ ಒಂಬತ್ತನೆಯವರದ್ದೂ ಹೋಗುತ್ತದೆ.

ಪೀರಿಯಡ್ ಇಲ್ಲದಿದ್ದರೂ ಮಧ್ಯಾಹ್ನ ಊಟದ ಹೊತ್ತಲ್ಲಿ ಪುಸ್ತಕ ಕೊಡುತ್ತಿದ್ದೆ. ಈ ಸಲ ದಾಸ್ತಾನು ಪರಿಶೀಲನೆ ಆದಾಗ ಹನ್ನೊಂದು ಪುಸ್ತಕ ಕಮ್ಮಿ ಬಂತು. ಇನ್ನೊಂದರಲ್ಲಿ ಹಾಳೆ ತುಂಬ ಅಡಿಕೆ ಚೊಗರಿನ ಕಲೆ. ಒಂಬತ್ತನೇ ತರಗತಿ ಹುಡುಗಿ ಅಡಿಕೆ ಸುಲಿಯುತ್ತಾ ತೊಡೆ ಮೇಲಿಟ್ಟುಕೊಂಡು ಓದಿದ ಪುಸ್ತಕ ಅದು. ನೂರಾ ನಲವತ್ತು ಪುಟ, ಕೊನೇ ಹಾಳೆವರೆಗೂ ಬೆರಳಿನ ಗುರುತಿದೆ. ಅದಕ್ಕಿಂತ ಚೆನ್ನಾಗಿ ಓದಿಸಿಕೊಂಡ ಪುಸ್ತಕ ನನ್ನ ಬೀರುವಿನಲ್ಲಿ ಇನ್ನೊಂದಿಲ್ಲ. ರಿಜಿಸ್ಟರ್‌ನಲ್ಲಿ ಮಾತ್ರ ಅದರ ಮುಂದೆ 'ಹಾಳಾಗಿದೆ' ಅಂತ ಬಿತ್ತು. 'ಇನ್ಮುಂದೆ ಮನೆಗೆ ಕೊಡಬೇಡಿ, ನಿಮಗೇ ತೊಂದರೆ' ಅಂತ ಪರಿಶೀಲನೆಗೆ ಬಂದವರು ಬುದ್ಧಿ ಹೇಳಿದರು.

ಪಠ್ಯಕ್ರಮ, ಮೌಲ್ಯಮಾಪನ, ತಪಾಸಣೆ ಎಲ್ಲದರಲ್ಲೂ ಲೈಬ್ರರಿ ಅನ್ನುವ ಪದ ಬರುತ್ತದೆ. ಕೆಲಸ ಮಾತ್ರ ಕಾವಲುಗಾರನದ್ದಾಗಿದೆ. ನಿಮ್ಮ ಶಾಲೆಯಲ್ಲಿ ಹತ್ತನೆಯವರಿಗೆ ಪುಸ್ತಕ ಕೊಡ್ತೀರಾ? ಕೊಡುವುದಾದರೆ ಕಳೆದುಹೋದದ್ದಕ್ಕೆ ಯಾರು ಹೊಣೆ?

ಬಯಲುಸೀಮೆ
ನಮ್ಮಲ್ಲಿ ಲೈಬ್ರರಿ ಚಾರ್ಜ್ ದೈಹಿಕ ಶಿಕ್ಷಕರಿಗೆ ಕೊಟ್ಟಿದ್ದಾರೆ. ಅವರು ವಾಲಿಬಾಲ್ ಮತ್ತು ಪುಸ್ತಕ ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ. ಒಳ್ಳೇದೇ ಆಗಿದೆ. ಚೆಂಡು ತಗೊಳ್ಳೋಕೆ ಬಂದ ಹುಡುಗರು ಪುಸ್ತಕವನ್ನೂ ನೋಡ್ತಾರೆ.

ಹತ್ತನೇ ಕ್ಲಾಸ್ ಅಮ್ಮ
ಹನ್ನೊಂದು ಪುಸ್ತಕದ ದುಡ್ಡು ನೀವೇ ಕಟ್ಟಿದ್ರಾ ಸರ್?

ಕನ್ನಡ ಮೇಷ್ಟ್ರು
ಆರು ಪುಸ್ತಕ ಮಕ್ಕಳು ಹುಡುಕಿ ತಂದುಕೊಟ್ಟರು. ಉಳಿದದ್ದು ನಾನೇ ಕೊಂಡು ಸೇರಿಸಿದೆ ಮೇಡಂ. ಎರಡು ಪುಸ್ತಕ ಈಗ ಅಚ್ಚಿನಲ್ಲೇ ಇಲ್ಲ. ಅವಕ್ಕೆ ಬದಲು ಬೇರೆ ಇಟ್ಟಿದ್ದೇನೆ, ಇನ್ನೂ ಒಪ್ಪಿಗೆ ಬಂದಿಲ್ಲ.

ನೆಲ್ಲಿಕಾಯಿ
ಪ್ರತಿ ಶಾಲೆಗೂ ಲೈಬ್ರರಿ ಕಡ್ಡಾಯ ಅಂತ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ಇದೆಯಲ್ಲ? ಹಾಗಿದ್ದ ಮೇಲೆ ಗ್ರಂಥಪಾಲಕರನ್ನು ಕೊಡಲೇಬೇಕು. ಯಾರಾದರೂ ಕೋರ್ಟಿಗೆ ಹೋಗಬೇಕು ಅಷ್ಟೇ.

ನಿವೃತ್ತ ಎಚ್.ಎಂ.
ಸ್ವಲ್ಪ ತಿದ್ದುತ್ತೇನೆ, ಬೇಜಾರಾಗಬೇಡಿ. 2009ರ ಆರ್‌ಟಿಇ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು, ಅಂದ್ರೆ ಎಂಟನೇ ತರಗತಿವರೆಗೆ. ಅದರ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕವೂ ಸೇರಿ ಎಲ್ಲ ವಿಷಯದ ಪುಸ್ತಕ ಇರಬೇಕು ಅಂತಿದೆ. ಚಿತ್ರಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತೂ ಬರುತ್ತದೆ. ಗ್ರಂಥಪಾಲಕರ ಹೆಸರು ಮಾತ್ರ ಇಲ್ಲ. ಒಂಬತ್ತು, ಹತ್ತನೇ ತರಗತಿಯಂತೂ ಆ ಕಾಯ್ದೆಯ ಹೊರಗೇ ಉಳಿಯಿತು.

ನಾನು ಎಚ್.ಎಂ. (ಮುಖ್ಯ ಶಿಕ್ಷಕ) ಆಗಿದ್ದಾಗ ಪ್ರತಿ ವರ್ಷ ಯು-ಡೈಸ್, ಅಂದ್ರೆ ಶಾಲೆಗಳ ಅಂಕಿಅಂಶದ ಮಾಹಿತಿ ತುಂಬಿಸುತ್ತಿದ್ದೆವು. ಲೈಬ್ರರಿ ಇದೆಯೇ? ಹೌದು. ಪುಸ್ತಕ ಎಷ್ಟು? ಸಂಖ್ಯೆ ಬರೆಯಿರಿ. ಆ ವರ್ಷ ಎಷ್ಟು ಪುಸ್ತಕ ಮಕ್ಕಳ ಕೈಗೆ ಹೋಗಿ ಬಂದವು ಅಂತ ನನ್ನ ಇಡೀ ಸರ್ವೀಸಿನಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಬೇರೆ ಥರ ನಡೆಸುತ್ತಿದ್ದೆನೇನೋ. ಆ ವಿಷಾದ ಇದೆ.

ನೆಲ್ಲಿಕಾಯಿ
ಓಹ್, ಎಂಟನೇ ತರಗತಿವರೆಗೆ ಅನ್ನೋದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಸರ್.

ಗಣಿತ ಮಾಸ್ತರ
ಎಲ್ಲರೂ ಲೈಬ್ರರಿ ಪರ ಮಾತಾಡ್ತಿದ್ದೀರಿ. ನಮ್ಮ ಕಷ್ಟಾನೂ ಕೇಳಿ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೂ ಶೇ. 73.40ಕ್ಕೆ ಇಳಿಯಿತು. ಆಮೇಲೆ ಎಷ್ಟು ಮೀಟಿಂಗ್ ಆದವು ಗೊತ್ತಾ? ನನ್ನ ಕ್ಲಾಸಿನಲ್ಲಿ ಭಾಗಾಕಾರ ಬಾರದ ಮಕ್ಕಳು ಒಂಬತ್ತು ಜನ ಇದ್ದಾರೆ. ಅವರು ಫೇಲಾದರೆ ಕೂಲಿಗೆ ಹೋಗ್ತಾರೆ, ಹುಡುಗಿಯಾದರೆ ಮದುವೆ ಮಾಡ್ತಾರೆ. ಆ ಪೀರಿಯಡ್ ನಾನು ಕೇಳಿ ತಗೊಳ್ತೇನೆ, ಮುಚ್ಚುಮರೆ ಇಲ್ಲ. ಕಥೆಪುಸ್ತಕ ಬೇಸಿಗೆ ರಜೆಯಲ್ಲಿ ಓದಲಿ.

ಧಾರವಾಡದವಳು
ಬ್ಯಾಸಗಿ ರಜೆದಾಗ ಸಾಲಿ ಲೈಬ್ರರಿಗೆ ಬೀಗ ಇರ್ತದಲ್ರೀ ಸರ್?

ಗಣಿತ ಮಾಸ್ತರ
ಅದು ನಿಜ.

ಕನ್ನಡ ಮೇಷ್ಟ್ರು
ಮಾಸ್ತರೇ, ನಿಮ್ಮ ಒಂಬತ್ತು ಮಕ್ಕಳ ಬಗ್ಗೆ ನನಗೂ ಚಿಂತೆ ಇದೆ. ನಮ್ಮಲ್ಲೂ ಅಂಥವರಿದ್ದಾರೆ. ಆದರೆ ಲೆಕ್ಕದ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳಲಾಗದೆ ಬಿಡುವವರೂ ಅವರೇ ಅಲ್ವಾ? ಓದಿ ಹೇಳಿದರೆ ಮಾಡುತ್ತಾರೆ, ತಾವೇ ಓದಿದರೆ ಮಾಡಲ್ಲ. ನೀವೇ ಒಮ್ಮೆ ಪರೀಕ್ಷಿಸಿ ನೋಡಿ.

ನನ್ನ ವಿಷಯದಲ್ಲಿ ಆದದ್ದು ಹೇಳ್ತೇನೆ. ಕನ್ನಡ ಪತ್ರಿಕೆಯಲ್ಲಿ ಕವಿ ಪರಿಚಯದ ಪ್ರಶ್ನೆ ಬರುತ್ತದೆ. ಸ್ಥಳ, ಕಾಲ, ಕೃತಿಗಳು, ಪ್ರಶಸ್ತಿ. ಮಕ್ಕಳು ಕೃತಿಗಳ ಹೆಸರನ್ನು ಮಗ್ಗಿ ಥರ ಒಪ್ಪಿಸುತ್ತಾರೆ. ಒಂದು ದಿನ ಬೀರು ಒರೆಸಲು ಕರೆದಿದ್ದ ಹುಡುಗ ಒಂದು ದಪ್ಪ ಕಾದಂಬರಿ ಕೈಗೆತ್ತಿಕೊಂಡು ನಿಂತುಬಿಟ್ಟ. 'ಸರ್, ಇದು ಪುಸ್ತಕಾನಾ? ಇದರ ಹೆಸರು ನಾನು ಬಾಯಿಪಾಠ ಮಾಡಿದೀನಿ' ಅಂದ. ಎರಡು ವರ್ಷದಿಂದ ಅವನು ಕೂರುತ್ತಿದ್ದ ಬೆಂಚಿಗೂ ಆ ಬೀರುವಿಗೂ ನಡುವೆ ಒಂದು ಗೋಡೆ ಅಷ್ಟೇ ಇದ್ದದ್ದು. ಪೂರ್ತಿ ಅಂಕ ತಗೊಂಡಿದ್ದ ಹುಡುಗ ಅವನು.

ಕಾಜಾಣ
ಇದನ್ನು ಓದಿ ಹೊಟ್ಟೆ ಚುರ್ ಅಂತು.

ಲೈಬ್ರರಿ ಮೇಡಂ
ನಾನು ಬೆಂಗಳೂರಿನಲ್ಲಿ ಸಿಬಿಎಸ್‌ಇ ಶಾಲೆಯೊಂದರಲ್ಲಿ ಗ್ರಂಥಪಾಲಕಿ, ಹದಿನಾರು ವರ್ಷ ಆಯಿತು. ನಮ್ಮಲ್ಲಿ ಹುದ್ದೆ ಇದೆ, ಸಂಬಳ ಇದೆ, ಕೋಣೆ ಇದೆ. ಮಾನ್ಯತೆ ಬೇಕಾದರೆ ಲೈಬ್ರರಿ ಕೋಣೆ ಕನಿಷ್ಠ 14 ಮೀಟರ್ ಉದ್ದ, 8 ಮೀಟರ್ ಅಗಲ ಇರಬೇಕು ಅಂತ ಬೋರ್ಡಿನ ನಿಯಮ. ಆ ನಿಯಮ ಇರುವುದರಿಂದಲೇ ನನಗೆ ಕೆಲಸ ಸಿಕ್ಕಿದೆ, ಅದನ್ನು ಹಗುರ ಮಾಡಿ ಮಾತಾಡಲಾರೆ.

ಆದರೆ ಅಳತೆಪಟ್ಟಿಯಿಂದ ಬರುವ ತೊಂದರೆ ಬೇರೆ ಥರ ಇರುತ್ತದೆ. ನಾನು ಮೊದಲು ಇದ್ದ ಒಂದು ಶಾಲೆಯಲ್ಲಿ ತಪಾಸಣೆಗೆ ಮೂರು ವಾರ ಇದ್ದಾಗ ಒಂದು ಲಾರಿ ಪುಸ್ತಕ ಬಂದು ಇಳಿಯಿತು. ಅರ್ಧಕ್ಕರ್ಧ ಪ್ರವೇಶ ಪರೀಕ್ಷೆಯ ಗೈಡು, ಒಂದೇ ಗೈಡಿನ ನಲವತ್ತು ಪ್ರತಿ. ರಾತ್ರಿ ಎಂಟರವರೆಗೆ ಕೂತು ಮೊಹರು ಒತ್ತಿ, ನಂಬರ್ ಹಾಕಿದ್ದೇವೆ. ತಪಾಸಣೆ ಮುಗಿದ ಮೇಲೆ ಆ ಕಪಾಟಿನ ಹತ್ತಿರ ಒಂದು ಮಗುವೂ ಸುಳಿಯಲಿಲ್ಲ. ನಾನು ಮಕ್ಕಳನ್ನು ಕೇಳಿ ಬರೆದುಕೊಟ್ಟ ಪಟ್ಟಿಯಲ್ಲಿ ಅರವತ್ತು ಪುಸ್ತಕ ಇದ್ದವು. ಅದರಲ್ಲಿ ನಾಲ್ಕು ಬಂದವು.

ಇನ್ನೊಂದು ಮಾತು. ಯಾವ ಟೀಚರ್ ರಜೆ ಹಾಕಿದರೂ ಆ ಕ್ಲಾಸ್ ಲೈಬ್ರರಿಗೆ ಬರುತ್ತದೆ. ಮೂವತ್ತೆಂಟು ಮಕ್ಕಳನ್ನು ಗಲಾಟೆ ಇಲ್ಲದೆ ಕೂರಿಸಿದರೆ ಸಾಕು ಅನ್ನುವುದು ನನ್ನ ಮೇಲಿನ ನಿರೀಕ್ಷೆ. ಹುದ್ದೆ ಇದ್ದರೂ ಹೀಗೆ ನೋಡಿ.

ಬಿ.ಲಿಬ್ ಮಾಡಿದವ
ಅಕ್ಕ, ನಿಮಗೆ ಹುದ್ದೆಯಾದರೂ ಇದೆ. ನಮ್ಮ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ ಲೈಬ್ರರಿ ಸೈನ್ಸ್ ಮುಗಿಸಿದೆವು. ಶಾಲೆಯಲ್ಲಿ ಕೆಲಸ ಮಾಡ್ತಿರೋರು ಇಬ್ಬರೇ, ಇಬ್ಬರೂ ಖಾಸಗಿಯಲ್ಲಿ. ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸ್ತೇನೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ದಾರಿ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ತರಬೇತಿ ಸಂಸ್ಥೆ ಶುರುವಾಯಿತು. ಅವರ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಸುವುದಕ್ಕೆ ಅಂತ. 1931ರಲ್ಲಿ ಬಂದ ಮಾತು. ಅದನ್ನು ಪರೀಕ್ಷೆಗೆ ಓದಿ ಪಾಸಾದ ನಮಗೆ ಶಾಲೆಯೊಳಗೆ ಜಾಗ ಇಲ್ಲ.

ಬಯಲುಸೀಮೆ
ಡಿಗ್ರಿ ಇದ್ದವರೇ ಬೇಕು ಅನ್ನೋದನ್ನು ನಾನು ಒಪ್ಪಲ್ಲ. ಪುಸ್ತಕದ ಹುಚ್ಚು ಇರೋರು ಸಾಕು. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಪುಸ್ತಕ ಮನೆ ಕಟ್ಟಿದ್ದಾರಲ್ಲ, ಬಸ್ ಕಂಡಕ್ಟರ್ ಆಗಿದ್ದವರು. ಲಕ್ಷಗಟ್ಟಲೆ ಪುಸ್ತಕ ಕೂಡಿಸಿದ್ದಾರೆ.

ಬಿ.ಲಿಬ್ ಮಾಡಿದವ
ಅವರಿಗೆ ಕೈಮುಗಿಯುತ್ತೇನೆ ಸರ್. ಅಲ್ಲಿಗೆ ಹೋಗಿದ್ದೇನೆ ಕೂಡ. ಆದರೆ ಒಬ್ಬರ ತ್ಯಾಗವನ್ನು ತೋರಿಸಿ ಹುದ್ದೆ ಬೇಡ ಅನ್ನಬಾರದು. ಗಣಿತದ ಹುಚ್ಚು ಇರೋರು ಸಾಕು, ಶಿಕ್ಷಕರ ನೇಮಕಾತಿ ಬೇಡ ಅಂತ ಯಾರಾದರೂ ಹೇಳ್ತಾರಾ?

ಗಣಿತ ಮಾಸ್ತರ
ಈ ಮಾತಿಗೆ ನನ್ನ ಒಪ್ಪಿಗೆ ಇದೆ.

ಹತ್ತನೇ ಕ್ಲಾಸ್ ಅಮ್ಮ
ಪ್ರಾಜೆಕ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಂದೊಂದು ವಿಷಯಕ್ಕೂ 20 ಆಂತರಿಕ ಅಂಕ, ಪ್ರಥಮ ಭಾಷೆಗೆ 25. ಅದಕ್ಕೆ ಚಟುವಟಿಕೆ, ಪ್ರಾಜೆಕ್ಟ್ ಅಂತ ವರ್ಷಪೂರ್ತಿ ಇದ್ದೇ ಇರುತ್ತದೆ. ಮಗಳು ಮೊಬೈಲ್‌ನಲ್ಲಿ ಹುಡುಕಿ, ಸಿಕ್ಕಿದ್ದನ್ನು ಹಾಗೇ ಬರೆದು, ಸ್ಟೇಷನರಿ ಅಂಗಡಿಯಿಂದ ಹತ್ತು ರೂಪಾಯಿ ಚಿತ್ರದ ಹಾಳೆ ತಂದು ಅಂಟಿಸುತ್ತಾಳೆ. ರಾತ್ರಿ ಹನ್ನೊಂದರವರೆಗೆ ಗೋಂದು, ಸ್ಕೆಚ್ ಪೆನ್ನು. ಏನು ಬರೆದೆ ಅಂತ ಕೇಳಿದರೆ ಗೊತ್ತಿಲ್ಲ. ಇದನ್ನೇ ಲೈಬ್ರರಿಯಲ್ಲಿ ಮೂರು ಪುಸ್ತಕ ಇಟ್ಟುಕೊಂಡು ಮಾಡಿಸಬಹುದಿತ್ತಲ್ವಾ?

ಲೈಬ್ರರಿ ಮೇಡಂ
ಮಾಡಿಸಬಹುದು ಮೇಡಂ, ಮಾಡಿಸಿದ್ದೇನೆ. ವಿಷಯ ಶಿಕ್ಷಕರು ಎರಡು ವಾರ ಮೊದಲೇ ನನಗೆ ತಿಳಿಸಬೇಕು ಅಷ್ಟೇ. ಒಂದು ಸಲ ಸಮಾಜ ವಿಜ್ಞಾನದವರು ಹೇಳಿದ್ದರು, ಕೆರೆಗಳ ಮೇಲೆ ಪ್ರಾಜೆಕ್ಟ್. ಜಿಲ್ಲಾ ಗ್ಯಾಸೆಟಿಯರ್, ಹಳೇ ಪತ್ರಿಕೆ ತುಣುಕು, ಒಂದು ಭೂಪಟ ತೆಗೆದಿಟ್ಟೆ. ತಮ್ಮ ಬಡಾವಣೆ ಮೊದಲು ಕೆರೆ ಅಂಗಳ ಆಗಿತ್ತು ಅಂತ ಭೂಪಟ ನೋಡಿ ಒಂದು ಗುಂಪು ಕಂಡುಹಿಡಿಯಿತು. ಆ ಮಕ್ಕಳಿಗೆ ಗೋಂದು ಚಿತ್ರದ ನೆನಪೇ ಬರಲಿಲ್ಲ. ಆದರೆ ಅಂಕಪಟ್ಟಿಯಲ್ಲಿ ಅದಕ್ಕೂ 20ಕ್ಕೆ 19, ಅಂಗಡಿ ಹಾಳೆಗೂ 20ಕ್ಕೆ 19.

ನ್ಯೂಜೆರ್ಸಿ ಕನ್ನಡತಿ
ನಾನು ಹುಟ್ಟಿ ಬೆಳೆದದ್ದು ಹಾಸನ, ಈಗ ಇಲ್ಲಿ ಮಗ ಹೈಸ್ಕೂಲ್‌ನಲ್ಲಿದ್ದಾನೆ. 2023ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾನೂನಾಯಿತು. ಶಿಶುವಿಹಾರದಿಂದ ಹನ್ನೆರಡನೇ ತರಗತಿವರೆಗೆ ಮಾಹಿತಿ ಸಾಕ್ಷರತೆ ಕಲಿಸಬೇಕು, ಅಂದ್ರೆ ಯಾವ ಸುದ್ದಿ ನಂಬಬೇಕು, ಮೂಲ ಯಾವುದು, ಅಂಕಿಅಂಶ ಹೇಗೆ ನೋಡಬೇಕು, ಇದೆಲ್ಲ. ಅಮೆರಿಕದಲ್ಲಿ ಹೀಗೆ ಎಲ್ಲ ತರಗತಿಗೂ ಕಡ್ಡಾಯ ಮಾಡಿದ ಮೊದಲ ರಾಜ್ಯ ಇದು. ಆ ಕಲಿಕಾ ಮಾನದಂಡ ಬರೆಯುವಾಗ ಶಾಲಾ ಗ್ರಂಥಪಾಲಕರೂ ಜೊತೆಗಿರಬೇಕು ಅಂತ ಕಾನೂನೇ ಹೇಳುತ್ತದೆ.

ಮಗನ ಶಾಲೆಯ ಲೈಬ್ರರಿಯನ್ ಒಂದು ಸಲ ಎರಡು ವೆಬ್‌ಸೈಟ್ ತೋರಿಸಿ, ಯಾವುದು ನಂಬಿಕೆಗೆ ಯೋಗ್ಯ, ಕಾರಣ ಹೇಳಿ ಅಂತ ಇಡೀ ಪೀರಿಯಡ್ ಚರ್ಚೆ ಮಾಡಿಸಿದರಂತೆ. ಮನೆಗೆ ಬಂದು ನಮ್ಮ ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್ ಒಂದೊಂದನ್ನೂ ಹಿಡಿದು 'ಇದರ ಮೂಲ ಎಲ್ಲಿದೆ ಅಜ್ಜಿ?' ಅಂತ ನಮ್ಮಮ್ಮನನ್ನು ಕೇಳಿದ.

ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಬಜೆಟ್ ಕಮ್ಮಿಯಾದಾಗ ಲೈಬ್ರರಿಯನ್ ಹುದ್ದೆಗೆ ಕತ್ತರಿ ಹಾಕುವ ಜಿಲ್ಲೆಗಳೂ ಇವೆ.

ನೆಲ್ಲಿಕಾಯಿ
ಅಮೆರಿಕ ಕಥೆ ಇಲ್ಲಿ ಯಾಕೆ? ಅಲ್ಲಿನ ದುಡ್ಡೆಷ್ಟು, ಇಲ್ಲಿನ ದುಡ್ಡೆಷ್ಟು.

ಧಾರವಾಡದವಳು
ಫಾರ್ವರ್ಡ್ ಖರೇನೋ ಸುಳ್ಳೋ ಅಂತ ನೋಡೋದಕ್ಕ ರೊಕ್ಕ ಬೇಕಾಗಿಲ್ರೀ. ಪೀರಿಯಡ್ ಬೇಕು. ಎನ್‌ಸಿಎಫ್ 2005ರಾಗ, ಅಂದ್ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ್ಯಾಗ, ವಾರಕ್ಕೊಂದು ಲೈಬ್ರರಿ ಪೀರಿಯಡ್ ಇರ್ಲಿ ಅಂತ ಹೇಳಿ ಆಗದ. 2020ರ ರಾಷ್ಟ್ರೀಯ ನೀತಿಯೊಳಗೂ ಶಾಲಾ ಗ್ರಂಥಾಲಯ, ಪುಸ್ತಕ ಕ್ಲಬ್ಬು, ಸಾಲಿ ಬಿಟ್ಟ ಮ್ಯಾಲೆ ಊರಿನ ಮಂದಿಗೂ ಲೈಬ್ರರಿ ತೆರೀಬೇಕು ಅಂತದ. ಕೇಂದ್ರದ ನೀತಿ ಇರ್ಲಿ, ರಾಜ್ಯದ ನೀತಿ ಇರ್ಲಿ, ನಮ್ಮ ಸಾಲ್ಯಾಗ ಸಂಜಿ ನಾಲ್ಕೂವರೆಗೆ ಗೇಟಿಗೆ ಬೀಗ ಬೀಳ್ತದ.

ಅರಿವು ಕೇಂದ್ರ
ಸಂಜೆ ನಮ್ಮಲ್ಲಿಗೆ ಕಳಿಸಿ! ನಾನು ಗ್ರಾಮ ಪಂಚಾಯಿತಿ ಲೈಬ್ರರಿ ಮೇಲ್ವಿಚಾರಕ. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದರು, ಮರುವರ್ಷ ಮಕ್ಕಳನ್ನು ಲೈಬ್ರರಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು. ಆಗಿನಿಂದ ಶಾಲಾ ಮಕ್ಕಳು ಬರುವುದು ಜಾಸ್ತಿಯಾಗಿದೆ. ನಮ್ಮೂರಲ್ಲಿ ಹೈಸ್ಕೂಲ್ ಮಕ್ಕಳು ಬಸ್ ಬರುವವರೆಗೆ ಒಂದು ಗಂಟೆ ಇಲ್ಲೇ ಕೂರುತ್ತಾರೆ. ಕೇರಂ ಆಡ್ತಾರೆ, ಆಮೇಲೆ ಪುಸ್ತಕ ಹಿಡಿತಾರೆ. ಮೇಷ್ಟ್ರು ವಾರಕ್ಕೊಮ್ಮೆ ಬಂದು ಯಾವ ಪಾಠಕ್ಕೆ ಯಾವ ಪುಸ್ತಕ ಅಂತ ಹೇಳಿಹೋದರೆ ನಾನು ಮೇಜಿನ ಮೇಲೆ ಎತ್ತಿಡುತ್ತೇನೆ. ಒಂದು ವರ್ಷದಿಂದ ಕೇಳ್ತಿದ್ದೇನೆ, ನಮ್ಮ ಶಾಲೆಯಿಂದ ಇನ್ನೂ ಯಾರೂ ಬಂದಿಲ್ಲ.

ಕನ್ನಡ ಮೇಷ್ಟ್ರು
ನಮ್ಮ ಪಂಚಾಯಿತಿ ಲೈಬ್ರರಿ ಶಾಲೆಯಿಂದ ಅರ್ಧ ಕಿಲೋಮೀಟರ್. ನಾನೂ ಒಮ್ಮೆಯೂ ಹೋಗಿಲ್ಲ. ತಪ್ಪು ನನ್ನದೇ. ಈ ಶನಿವಾರ ಹೋಗಿಬರ್ತೇನೆ.

ಕೇಂದ್ರೀಯ ಶಾಲೆ ಗ್ರಂಥಪಾಲಕ
ಮೂಲ ಪ್ರಶ್ನೆಗೆ ಬರೋಣ, ಕಳೆದ ಪುಸ್ತಕಕ್ಕೆ ಯಾರು ಹೊಣೆ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017, ನಿಯಮ 215 ನೋಡಿ. ವರ್ಷದಲ್ಲಿ ಓದಲು ಕೊಟ್ಟ ಅಥವಾ ಬಳಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಬೇಜವಾಬ್ದಾರಿ ಅಥವಾ ಅಪ್ರಾಮಾಣಿಕತೆ ಇರಬಾರದು ಅಷ್ಟೇ. 1,000 ರೂಪಾಯಿ ಮೇಲಿನ ಪುಸ್ತಕ, ಅಪರೂಪದ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. 20,000ದವರೆಗಿನ ಪುಸ್ತಕ ಇರುವಲ್ಲಿ ಪ್ರತಿವರ್ಷ ಪೂರ್ತಿ ಎಣಿಕೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಲೆಕ್ಕ ಹಾಕುವುದು ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಓದಲು ಹೋಗಿಬಂದ ಪುಸ್ತಕದ ಮೇಲೆ. ಜಾಸ್ತಿ ಕೊಟ್ಟಷ್ಟೂ ನಷ್ಟಕ್ಕೆ ಅವಕಾಶ ಜಾಸ್ತಿ. ಬೀಗ ಹಾಕಿಟ್ಟವರಿಗೆ ಒಂದು ಪುಸ್ತಕದ ರಿಯಾಯಿತಿಯೂ ಇಲ್ಲ. ಆದ್ದರಿಂದ ಮೇಷ್ಟ್ರೇ, ಊಟದ ಹೊತ್ತಿನಲ್ಲಿ ಕೊಟ್ಟದ್ದನ್ನೂ ಇಶ್ಯೂ ರಿಜಿಸ್ಟರ್‌ನಲ್ಲಿ ಬರೆಯಿರಿ. ಒಂದೇ ಪುಸ್ತಕ ಹತ್ತು ಜನಕ್ಕೆ ಹೋದರೆ ಹತ್ತು ಸಲ ಬರೆಯಿರಿ.

ನಿವೃತ್ತ ಎಚ್.ಎಂ.
ಒಳ್ಳೆಯ ಮಾಹಿತಿ. ಆದರೆ ಅದು ಕೇಂದ್ರದ ನಿಯಮ ಸರ್, ರಾಜ್ಯದ ಶಾಲೆಗೆ ನೇರವಾಗಿ ಅನ್ವಯ ಆಗಲ್ಲ. ಮೇಷ್ಟ್ರು ಅದನ್ನೇ ನಂಬಿ ಪುಸ್ತಕ ಬಿಟ್ಟುಕೊಡಬಾರದು. ಮಾಡಬಹುದಾದದ್ದು ಇಷ್ಟು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಮಂಡಿಸಿ, ಆ ನಿಯಮದ ಪ್ರತಿಯನ್ನು ಮಾದರಿಯಾಗಿ ಲಗತ್ತಿಸಿ, ಹರಿದದ್ದು ಮತ್ತು ಕಳೆದದ್ದರ ಪಟ್ಟಿಯನ್ನು ನಡಾವಳಿಯಲ್ಲಿ ಬರೆಸಿ, ಅವನ್ನು ದಾಸ್ತಾನಿನಿಂದ ವಜಾ ಮಾಡಲು ಎಚ್.ಎಂ. ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಕಳಿಸಿ. ಬಾಯಿಮಾತಿನಲ್ಲಿ ಯಾವುದನ್ನೂ ಬಿಡಬೇಡಿ. ಚಾರ್ಜ್ ಬದಲಾಗುವ ದಿನ ಹಳೇ ಕಾಗದವೇ ಕಾಯುವುದು.

ಕಾಜಾಣ
ದಾಸ್ತಾನು ಪುಸ್ತಕದ ಪಕ್ಕ ಓದಿನ ಲೆಕ್ಕವೂ ಇರಲಿ. ತಪಾಸಣೆಗೆ ಬಂದವರ ಮುಂದೆ ಎರಡನ್ನೂ ಒಟ್ಟಿಗೆ ಇಡಿ. ಆಗ ಹನ್ನೊಂದು ಕಮ್ಮಿ ಅನ್ನುವುದರ ಜೊತೆ ಎಷ್ಟು ಸಲ ಓದಲು ಹೋಯಿತು ಅನ್ನುವುದೂ ಅವರ ಕಣ್ಣಿಗೆ ಬೀಳುತ್ತದೆ.

ಬಿ.ಲಿಬ್ ಮಾಡಿದವ
ಮೇಷ್ಟ್ರೇ, ಪುಸ್ತಕಕ್ಕೆ ನಂಬರ್ ಹೇಗೆ ಹಾಕಿದ್ದೀರಿ? ಪುಸ್ತಕ ವಿಂಗಡಿಸುವ ಡ್ಯೂಯಿ ಅಂಕಿ ಪ್ರಕಾರ ಹೋದರೆ ಕನ್ನಡ ಸಾಹಿತ್ಯ ಎಲ್ಲ 894.814ರಲ್ಲೇ ಬರುತ್ತದೆ. ಹೈಸ್ಕೂಲ್‌ನಲ್ಲಿ ಮುಕ್ಕಾಲು ಪಾಲು ಪುಸ್ತಕ ಅದೇ ಆಗಿರುತ್ತದೆ, ಮಕ್ಕಳಿಗೆ ಹುಡುಕೋಕೆ ಆಗಲ್ಲ. ಬಣ್ಣದ ಟೇಪ್ ಸಾಕು. ಕಥೆಗೆ ಕೆಂಪು, ಜೀವನಚರಿತ್ರೆಗೆ ಹಸಿರು, ಹೀಗೆ.

ಲೈಬ್ರರಿ ಮೇಡಂ
ಟೇಪ್ ಜೊತೆಗೆ ನಂಬರ್ ಇರಲಿ ತಮ್ಮ. ಮುಂದೆ ಕಾಲೇಜು ಲೈಬ್ರರಿಗೆ ಹೋದಾಗ ಆ ಅಂಕಿ ನೋಡಿ ಹೆದರಬಾರದು.

ಗಣಿತ ಮಾಸ್ತರ
ಒಂದು ಪ್ರಯೋಗ ಮಾಡಿದೆ. ಮೇಷ್ಟ್ರು ಹೇಳಿದಂತೆ ಆ ಒಂಬತ್ತು ಮಕ್ಕಳಿಗೆ ವಾಕ್ಯರೂಪದ ಐದು ಲೆಕ್ಕ ಕೊಟ್ಟೆ. ತಾವೇ ಓದಿ ಸರಿ ಮಾಡಿದವರು ಒಬ್ಬರು. ನಾನು ನಿಧಾನವಾಗಿ ಓದಿ ಹೇಳಿದಾಗ ನಾಲ್ಕು ಜನಕ್ಕೆ ಬಂತು. ನಾನು ಇಷ್ಟು ದಿನ ಲೆಕ್ಕ ಬಾರದವರು ಅಂದುಕೊಂಡಿದ್ದೆ. ಪೀರಿಯಡ್ ಪೂರ್ತಿ ಬಿಟ್ಟುಕೊಡೋಕೆ ಆಗಲ್ಲ. ಹದಿನೈದು ದಿನಕ್ಕೊಂದು ಬಿಡುತ್ತೇನೆ, ಆ ನಾಲ್ಕು ಜನಕ್ಕೆ ತೆಳ್ಳಗಿನ ಪುಸ್ತಕ ಯಾವುದು ಕೊಡಲಿ ಹೇಳಿ.

ಲೈಬ್ರರಿ ಮೇಡಂ
ಒಂದೇ ಸಲ ಕೂತು ಮುಗಿಸುವಂಥದ್ದು ಕೊಡಿ, ಇಪ್ಪತ್ತೈದು ಪುಟ ಮೀರಬೇಡಿ. ದಪ್ಪ ಅಕ್ಷರ. ವಯಸ್ಸಿಗೆ ಚಿಕ್ಕ ಮಕ್ಕಳ ಚಿತ್ರ ಇರುವುದು ಬೇಡ, ಅವಮಾನ ಆಗುತ್ತದೆ. ಹಾವು, ಕ್ರಿಕೆಟ್, ಪೊಲೀಸ್ ನಾಯಿ, ಇಂಥ ವಿಷಯದ್ದು ನಡೆಯುತ್ತದೆ. ಓದಿದ ಮೇಲೆ ಪ್ರಶ್ನೆ ಕೇಳಬೇಡಿ ಸರ್, ದಯವಿಟ್ಟು.

ಕನ್ನಡ ಮೇಷ್ಟ್ರು
ಶನಿವಾರ ಪಂಚಾಯಿತಿ ಲೈಬ್ರರಿಗೆ ಹೋಗಿದ್ದೆ. ಮೇಲ್ವಿಚಾರಕಿ ನಮ್ಮ ಶಾಲೆಯಲ್ಲೇ ಓದಿದ ಹುಡುಗಿ, ನನಗಿಂತ ಮೊದಲಿನ ಬ್ಯಾಚ್. ಬುಧವಾರ ಸಂಜೆ ಹತ್ತನೆಯವರಿಗೆ ಅಂತ ಮಾತಾಗಿದೆ. ಎಸ್‌ಡಿಎಂಸಿ ಸಭೆ 18ಕ್ಕೆ ಇದೆ, ಪಟ್ಟಿ ಬರೆಯುತ್ತಿದ್ದೇನೆ. ಚೊಗರಿನ ಪುಸ್ತಕವನ್ನು ವಜಾ ಪಟ್ಟಿಗೆ ಸೇರಿಸಿಲ್ಲ. ಹಾಳೆ ಎಲ್ಲ ಗಟ್ಟಿ ಇದೆ, ಅಕ್ಷರ ಕಾಣುತ್ತದೆ. ನಿನ್ನೆ ಎಂಟನೇ ತರಗತಿಯ ಇನ್ನೊಬ್ಬಳು ಅದನ್ನೇ ಕೇಳಿ ತಗೊಂಡು ಹೋದಳು.

ನಿವೃತ್ತ ಎಚ್.ಎಂ. ಸರ್, ಬಿಇಒ ಕಚೇರಿಗೆ ಬರೆಯುವ ಪತ್ರದ ನಮೂನೆ ನಿಮ್ಮ ಹತ್ರ ಇದ್ದರೆ ಇಲ್ಲಿ ಹಾಕ್ತೀರಾ?

ನಿವೃತ್ತ ಎಚ್.ಎಂ.
ಹಳೇ ಫೈಲಿನಲ್ಲಿ ಇರಬೇಕು. ರಾತ್ರಿ ಹುಡುಕಿ ಟೈಪ್ ಮಾಡಿ ಹಾಕುತ್ತೇನೆ.